ಆಕಾಶದಲ್ಲಿ ಕೆಂಪು ಸಿಗ್ನಲ್

ಮೂತಿ ಮೊಸಳೆಗಿಂತ ಉದ್ದ, ಮುಂದೆ ಕಿಟಕಿಯೇ ಇಲ್ಲ, ಶಬ್ದಕ್ಕಿಂತ ವೇಗವಾಗಿ ಓಡುತ್ತೆ, ಆದರೂ ಚೆನ್ನೈನ ಮೈಲಾಪೂರಿನ ನಮ್ಮ ಹಾಲ್ ದಾಟಲ್ಲ. ಏನು ಹೇಳಿ? ಬಿಡಿ, ನಿಮಗೆ ಬರಲ್ಲ. ಅದು ದೊಡ್ಡಪ್ಪನ ಕಂಪ್ಯೂಟರಿನಲ್ಲಿ ಹಾರೋ ಪ್ರಯೋಗದ ಜೆಟ್ ವಿಮಾನ.

ದೊಡ್ಡಪ್ಪ ರೈಲು ಓಡಿಸಿ ರಿಟೈರ್ ಆದವರು. ಈ ಆಟದಲ್ಲಿ ಎಷ್ಟು ಒದ್ದಾಡಿದರೂ ಶಬ್ದದ ವೇಗ ಮಾತ್ರ ದಾಟಿರಲಿಲ್ಲ. ಅವತ್ತೇ ಕಡೇ ಅವಕಾಶ. ಸಂಜೆ ಆ ಕಂಪ್ಯೂಟರ್ ಮೇಜಿನ ಮೇಲೆ ದೊಡ್ಡಮ್ಮ ನವರಾತ್ರಿ ಗೊಂಬೆ ಕೂರಿಸಬೇಕಿತ್ತು.

“ಕಿಟಕಿಯಿಲ್ಲದೆ ಸಿಗ್ನಲ್ ಹೇಗೋ ಕಾಣುತ್ತೆ? ನೀನು ಅಸಿಸ್ಟೆಂಟು, ಕೂಗಿ ಹೇಳು,” ಅಂದರು ದೊಡ್ಡಪ್ಪ. ರೈಲಿನಲ್ಲಿ ಹಾಗೇ ಅಂತೆ, ಒಬ್ಬ ಕೂಗಿದ್ದನ್ನು ಇನ್ನೊಬ್ಬ ತಿರುಗಿ ಕೂಗಬೇಕು.

“ಆಕಾಶದಲ್ಲಿ ಸಿಗ್ನಲ್ ಎಲ್ಲಿದೆ ದೊಡ್ಡಪ್ಪ?”

“ಅಧಿಕಪ್ರಸಂಗ ಬೇಡ. ಕೂಗು.”

“ಹಸಿರು!” ಅಂದೆ. “ಹಸಿರು!” ಅಂದರು. ತೆರೆಯ ಮೇಲೆ ಎಣ್ಣೂರು ಬಂದರು ಹಿಂದೆ ಬಿತ್ತು. ವೇಗದ ಮುಳ್ಳು ಇನ್ನೇನು ಗೆರೆ ಮುಟ್ಟಬೇಕು, ನನ್ನ ನಾಲಗೆ ತುರಿಸಿತು.

“ಕೆಂಪು!”

“ಕೆಂಪು!” ಅಂತ ಕೂಗಿದ ದೊಡ್ಡಪ್ಪ, ಹಳೇ ಅಭ್ಯಾಸ ನೋಡಿ, ವೇಗ ಪೂರ್ತಿ ಇಳಿಸಿಬಿಟ್ಟರು. ವಿಮಾನ ಸೀದಾ ಸಮುದ್ರಕ್ಕೆ.

“ಡೇಯ್! ಯಾರೋ ಕೆಂಪು ಹಾಕಿದ್ದು?”

“ದೊಡ್ಡಮ್ಮ,” ಅಂದೆ. ಅವರು ಗೊಂಬೆ ಪೆಟ್ಟಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. “ಹೋಗ್ಲಿ, ಇನ್ನೊಂದು ಸಲ ಹಾರಿಸಿ,” ಅಂದರು. ದೊಡ್ಡಪ್ಪ ಶಬ್ದದ ವೇಗ ದಾಟಿದರು. ನಾವೆಲ್ಲ ಚಪ್ಪಾಳೆ ಹೊಡೆದೆವು.

ಈ ಕೊನೆ ಮಾತ್ರ ನಾನೇ ಕಟ್ಟಿದ್ದು. ನಿಜವಾಗಿ ದೊಡ್ಡಮ್ಮ ಪ್ಲಗ್ ಕಿತ್ತರು. ನವರಾತ್ರಿಯುದ್ದಕ್ಕೂ ನಾನು ಸುಂಡಲ್‌ಗೆ, ಅಂದ್ರೆ ಕಡಲೆ ಉಸ್ಲಿಗೆ, ಕೈ ಚಾಚಿದಾಗೆಲ್ಲ ದೊಡ್ಡಪ್ಪ “ಕೆಂಪು!” ಅಂತ ಕೂಗಿದರು. ನಾನೂ ತಿರುಗಿ ಕೂಗಬೇಕಿತ್ತು.