ಜವರಮ್ಮನ ಒಪ್ಪೊತ್ತು

ಅಮೆರಿಕದ ಡಬ್ಲಿನ್‌ನ ಆ ಮನೆಯಲ್ಲಿ ಮೊದಲು ಬದಲಾದದ್ದು ಸಾರು. ಜವರಮ್ಮನ ಉಪ್ಸಾರೆಂದರೆ ಪರಿಚಯದವರಲ್ಲೆಲ್ಲ ಹೆಸರಾಗಿತ್ತು. ಅದರ ಖಾರವನ್ನು ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗಿಟ್ಟರೆ ಸಾಕು, ಕಣ್ಣಲ್ಲಿ ನೀರು ಬರುತ್ತಿತ್ತು. ಅಂಥ ಖಾರ ತಿಂಗಳಿಂದ ತಿಂಗಳಿಗೆ ಸಪ್ಪೆಯಾಗುತ್ತ ಬಂತು. ಮಕ್ಕಳು ಕೇಳಿದರೆ, "ನಿಮ್ಮಪ್ಪಂಗೆ ಎದೆ ಉರಿ ಕಣ್ರಪ್ಪ, ಖಾರ ಆಗಾಕಿಲ್ಲ" ಅನ್ನುತ್ತಿದ್ದರು. ಜಯರಾಮ್‌ಗೆ ಎದೆ ಉರಿ ಇದ್ದದ್ದು ನಿಜವೇ. ಹಾಗಾಗಿ ಮುಂದೆ ಯಾರೂ ಕೇಳಲಿಲ್ಲ.

ಆಮೇಲೆ ಬದಲಾದದ್ದು ಒಪ್ಪೊತ್ತು. ಮಗಳು ಸಿಂಧು ಇದ್ದ ಕೆಲಸ ಬಿಟ್ಟು ಹಲ್ಲಿನ ಡಾಕ್ಟರಾಗುತ್ತೇನೆಂದು ಹೊರಟ ವರ್ಷ, ಅವಳಿಗೆ ಸೀಟು ಸಿಗಲೆಂದು ಜವರಮ್ಮ ಮಾದಪ್ಪನಿಗೆ ಹರಕೆ ಹೊತ್ತು, ಸೋಮವಾರ ಒಂದೇ ಹೊತ್ತು, ರಾತ್ರಿ ಪೂಜೆ ಮುಗಿಸಿ ಒಬ್ಬರೇ, ಊಟ ಮಾಡತೊಡಗಿದರು. ಸ್ವಲ್ಪ ದಿನಕ್ಕೆ ಅದಕ್ಕೆ ಶನಿವಾರ ಸೇರಿತು. ಅಮಾವಾಸ್ಯೆ ಸೇರಿತು. ಕೊನೆಗೆ ವಾರದಲ್ಲಿ ಮನೆಯವರ ಜೊತೆ ಕೂತು ಉಣ್ಣುವ ದಿನಗಳೇ ಕಡಿಮೆಯಾದವು. ದೇವರ ಹೆಸರಿನಲ್ಲಿ ನಡೆಯುವುದನ್ನು ಆ ಮನೆಯಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಸಿಂಧುವಂತೂ ತನ್ನ ದೆಸೆಯಿಂದ ಅಮ್ಮ ಬಡವಾಗುತ್ತಿದ್ದಾಳೆ ಎಂದು ಒಳಗೇ ಕುಗ್ಗಿ, ಓದಿಗೆ ಇನ್ನಷ್ಟು ಬಗ್ಗುತ್ತಿದ್ದಳು.

ಅವಳು ಕುಗ್ಗುವುದಕ್ಕೆ ಹಳೆಯ ಕಾರಣವೂ ಇತ್ತು. ಹತ್ತು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಈ ದೇಶಕ್ಕೆ ಬಂದವಳು. ಸ್ಕೂಲಿನಲ್ಲಿ ಚುರುಕು. ಬರ್ಕ್ಲಿಯಲ್ಲಿ ಬಯಾಲಜಿಗೆ ಸೇರಿದಾಗ ಜಯರಾಮ್ ಆಫೀಸಿಗೆಲ್ಲ ಮೈಸೂರ್‌ಪಾಕ್ ಹಂಚಿದ್ದರು. ಮೊದಲ ಸೆಮಿಸ್ಟರಿನ ಕೆಮಿಸ್ಟ್ರಿಯಲ್ಲಿ ಸಿ ಬಂತು. ಅದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳದೆ ಇದ್ದದ್ದು ಹೇಗೋ ಕ್ಲಾಸಿಗೆ ಹೋಗದೆ ಇರುವುದಕ್ಕೂ ದಾರಿಯಾಯಿತು. ನಾಲ್ಕು ವರ್ಷ "ಚೆನ್ನಾಗಿ ಆಗ್ತಿದೆ ಅಮ್ಮ" ಅನ್ನುತ್ತಲೇ ಬಂದಳು. ಡಿಗ್ರಿಯೇನೋ ಬಂತು. ಆದರೆ ಆ ಅಂಕಗಳನ್ನು ನೋಡಿದ ದಿನ ಜಯರಾಮ್ ಊಟ ಮಾಡಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಸಿಂಧುವಿನ ಮಾತಿಗೆ ತೂಕ ಕಡಿಮೆ.

ಬಳಿಕ ಒಂದು ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ಹುಡುಕಿಕೊಡುವ ಕೆಲಸ ಹಿಡಿದಳು. ದಿನವಿಡೀ ಫೋನಿನಲ್ಲಿ ಮಾತು. ಒಮ್ಮೆ ಅವಳ ಮುಂದಿನ ಹಲ್ಲು ಮುರಿದು, ಬೆರ್ರಿಯೆಸಾದ ಡಾ. ಟ್ರಾನ್ ಎಂಬ ವಯಸ್ಸಾದ ವಿಯೆಟ್ನಾಮಿ ದಂತವೈದ್ಯರ ಕುರ್ಚಿಯಲ್ಲಿ ಕೂತಳು. ಒಳಗೆ ಹೋಗುವಾಗ ಬಾಯಿಗೆ ಕೈ ಅಡ್ಡ ಹಿಡಿದಿದ್ದವಳು, ಹೊರಗೆ ಬರುವಾಗ ಕೈ ತೆಗೆದಿದ್ದಳು. ತನ್ನ ಇಡೀ ವರ್ಷದ ಫೋನಿನ ಮಾತಿಗಿಂತ ಆ ಒಂದು ಗಂಟೆ ದೊಡ್ಡದೆನ್ನಿಸಿತು. ಮೂವತ್ತು ದಾಟಿದ ಮೇಲೆ ಕಮ್ಯುನಿಟಿ ಕಾಲೇಜಿನಲ್ಲಿ ಅದೇ ಕೆಮಿಸ್ಟ್ರಿಗೆ ಮತ್ತೆ ಸೇರಿ, ತನಗಿಂತ ಹದಿನಾಲ್ಕು ವರ್ಷ ಚಿಕ್ಕವರ ನಡುವೆ ಕೂತು ಎ ತೆಗೆದಳು. ಶನಿವಾರಗಳಲ್ಲಿ ಬೇ ಫೇರ್‌ನಲ್ಲಿ ರೈಲು ಬದಲಿಸಿ ಬೆರ್ರಿಯೆಸಾಕ್ಕೆ ಹೋಗಿ, ಡಾ. ಟ್ರಾನ್ ಹಿಂದೆ ನಿಂತು ಅವರ ಕೆಲಸ ನೋಡುತ್ತಿದ್ದಳು.

ಮೊದಲ ಸಲ ಅರ್ಜಿ ಹಾಕಿದ ಕಾಲೇಜುಗಳೆಲ್ಲ ಬೇಡವೆಂದವು. ಹೊಸ ಅಂಕಗಳು ಒಳ್ಳೆಯವೇ, ಹಳೆಯವುಗಳ ಭಾರ ಇಳಿಸಲು ಸಾಲದು ಎಂದು ಒಂದು ಕಡೆಯವರು ಸೌಜನ್ಯದಿಂದ ವಿವರಿಸಿದರು. ಆ ಸಂಜೆ ಸಿಂಧು ಅಮ್ಮನ ಮಡಿಲಲ್ಲಿ ಮುಖವಿಟ್ಟು, "ಇನ್ನೊಂದು ವರ್ಷ ಅಮ್ಮ, ಇನ್ನೊಂದೇ ವರ್ಷ ಟ್ರೈ ಮಾಡ್ತೀನಿ" ಅಂದಳು. ಜವರಮ್ಮ ಅವಳ ತಲೆ ಸವರುತ್ತಿದ್ದ ಕೈಯನ್ನು ಒಂದು ಕ್ಷಣ ನಿಲ್ಲಿಸಿದರು. "ಆಯ್ತು ಮಗ" ಅಂದರು. ಕೈ ನಿಂತದ್ದನ್ನು ಸಿಂಧು ಗಮನಿಸಿದ್ದಳು. ನಿರಾಸೆ ಇರಬೇಕೆಂದುಕೊಂಡಳು.

ಎರಡನೆಯ ವರ್ಷದ ಚಳಿಗಾಲಕ್ಕೆ ಒಂದು ಕಾಲೇಜಿನಿಂದ ಇಂಟರ್‌ವ್ಯೂಗೆ ಕರೆ ಬಂತು. ಮರುದಿನ ಭಾನುವಾರ. ಸ್ಯಾನ್ ರಮೋನ್‌ನಿಂದ ಅಣ್ಣ ಮಧುಕರ್ ಊಟಕ್ಕೆ ಬಂದಿದ್ದ. ಜವರಮ್ಮನಿಗೂ ಅಂದು ಒಪ್ಪೊತ್ತು ಇರಲಿಲ್ಲ. ಮುದ್ದೆ, ಸೊಪ್ಪಿನ ಸಾರು. ಎಲ್ಲರೂ ಗೆಲುವಾಗಿದ್ದರು.

"ಏನಮ್ಮಾ ಡಾಕ್ಟ್ರೇ, ಶನಿವಾರ ಶನಿವಾರ ಅಲ್ಲಿ ನಿಂತ್ಕೊಂಡು ಏನ್ ಕಲಿತಿದ್ದೀಯ?" ಎಂದ ಮಧುಕರ್.

"ನಿನ್ನೆ ಒಂದು ಹೇಳ್ಕೊಟ್ರು. ಬಾಯಿ ಪೂರ್ತಿ ತೆಗೆದ್ರೆ ನಮ್ಮ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದ್ರೆ ಹಿಡಿಸಬೇಕು. ಹೀಗೆ." ಸಿಂಧು ಮೂರು ಬೆರಳು ಜೋಡಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನಿಲ್ಲಿಸಿ ತೋರಿಸಿದಳು.

"ಬೆರಳು ಎಣಿಸೋದಾ? ಹಾಗಾದ್ರೆ ಈ ಸಲ ನೀನು ಪಾಸು ಬಿಡು" ಎಂದು ರೇಗಿಸಿ, ತಾನೂ ಬೆರಳು ತುರುಕಿ ನೋಡಿದ. ಹಿಡಿಸಿತು. ಜಯರಾಮ್‌ಗೂ ಹಿಡಿಸಿತು. "ನಂಗೆ ನಾಲ್ಕೂ ಹೋಗ್ತವೆ. ಆದ್ರೆ ಈ ಮನೇಲಿ ಬಾಯಿ ತೆಗೆಯೋಕೆ ಬಿಡೋರ್ಯಾರು?" ಎಂದರು. ನಗು ಎದ್ದಿತು.

"ಅಮ್ಮ, ನಿಂದು ತೋರ್ಸು" ಎಂದ ಮಧುಕರ್.

"ಬುಡು ಅತ್ಲಾಗೆ, ಉಣ್ಣಾ ಹೊತ್ನಲ್ಲಿ ಏನಾಟ" ಎಂದರು ಜವರಮ್ಮ. ಮಗ ಬಿಡಲಿಲ್ಲ. ಅವರು ಬೆರಳೆತ್ತಿದರು. ಎರಡು ಬೆರಳು ಒಳಗೆ ಹೋಗುವ ಹೊತ್ತಿಗೆ ತುಟಿ ಬಿಗಿದು, ಬಾಯಿಯ ಮೂಲೆ ಬೆಳ್ಳಗಾಯಿತು. ಮೂರನೆಯದು ಹೊರಗೇ ನಿಂತಿತು.

"ಅಮ್ಮಂದು ಚಿಕ್ಕ ಬಾಯಿ, ಲಕ್ಷ್ಮಿ ಕಳೆ!" ಎಂದು ಮಧುಕರ್ ಚಪ್ಪಾಳೆ ತಟ್ಟಿದ. ಜವರಮ್ಮ ಸೆರಗಿನಿಂದ ಬೆರಳೊರೆಸಿಕೊಂಡು, ಹುರುಳಿ ಗಾತ್ರದ ಮುದ್ದೆಯ ಚೂರೊಂದನ್ನು ಸಾರಿನಲ್ಲಿ ಅದ್ದಿ ನುಂಗಿದರು. ಮುದ್ದೆಯನ್ನು ಅಗಿಯುವವರು ಯಾರು? ಮಂಡ್ಯದ ಕಡೆಯವರೆಲ್ಲ ನುಂಗುವವರೇ. ಆ ಮನೆಯಲ್ಲಿ ಅಮ್ಮ ಅಗಿಯದೆ ಉಣ್ಣುತ್ತಿರುವುದು ಯಾರ ಕಣ್ಣಿಗೂ ಬೀಳದೆ ಹೋದದ್ದು ಹಾಗೆ. ಅಂದು ಸಿಂಧುವಿನ ಕಣ್ಣಿಗೆ ಬಿತ್ತು.

ಡಾ. ಟ್ರಾನ್ ಹೇಳಿದ ಉಳಿದ ಮಾತನ್ನು ಅವಳು ಊಟದ ನಡುವೆ ಹೇಳಿರಲಿಲ್ಲ. ವರ್ಷಗಟ್ಟಲೆ ಅಡಿಕೆ ಹಾಕುವವರಿಗೆ ಕೆನ್ನೆಯ ಒಳಚರ್ಮ ಹಗ್ಗ ಎಳೆದ ಹಾಗೆ ಬಿಗಿಯುತ್ತದೆ, ಖಾರ ತಡೆಯದಾಗುತ್ತದೆ, ಬಾಯಿ ಮೆಲ್ಲಗೆ ಮುಚ್ಚಿಕೊಳ್ಳುತ್ತ ಬರುತ್ತದೆ, ಅಂಥ ಬಾಯಲ್ಲಿ ಒಮ್ಮೊಮ್ಮೆ ಬೇರೆಯದೂ ಹುಟ್ಟುತ್ತದೆ ಎಂದಿದ್ದರು. ಡಾ. ಟ್ರಾನ್ ಅವರ ಅಜ್ಜಿಯೂ ಎಲೆಯಡಿಕೆ ಹಾಕುತ್ತಿದ್ದವರೇ. ಇಲ್ಲಿ ಜವರಮ್ಮನಿಗೆ ಒಳ್ಳೆಯ ವೀಳ್ಯದೆಲೆ ಸಿಗುತ್ತಿರಲಿಲ್ಲ. ಇಂಡಿಯನ್ ಗ್ರೋಸರಿಯಿಂದ ಅಡಿಕೆಯ ಪೊಟ್ಟಣ ತಂದು, ಬರೀ ಅಡಿಕೆಯನ್ನೇ ದವಡೆಯಲ್ಲಿಟ್ಟುಕೊಳ್ಳುತ್ತಿದ್ದರು. ಆ ಪೊಟ್ಟಣಗಳನ್ನು ತಂದುಕೊಡುತ್ತಿದ್ದವಳು ಸಿಂಧುವೇ. ಹೊಗೆಸೊಪ್ಪಿಲ್ಲವಲ್ಲ, ಅಡಿಕೆಯಿಂದ ಏನಾಗುತ್ತದೆ ಎಂದು ಅವಳೂ ಎಲ್ಲರಂತೆ ನಂಬಿದ್ದಳು.

ಆ ಸಂಜೆ ಅವಳು ಅಣ್ಣನಿಗೆ ಫೋನು ಮಾಡಿದಳು.

"ಸಿಂಧು, ನೀನು ಟೆನ್ಷನ್‌ನಲ್ಲಿ ಏನೇನೋ ಊಹಿಸ್ಕೋತಿದ್ದೀಯ" ಎಂದ ಮಧುಕರ್. "ಅಮ್ಮನ ಹಲ್ಲು ನೋಡು, ಒಂದೂ ಹೋಗಿಲ್ಲ. ಒಂದು ಕೋರ್ಸಲ್ಲಿ ಎ ಬಂದ ತಕ್ಷಣ ಎಲ್ಲರಲ್ಲೂ ಕಾಯಿಲೆ ಕಾಣ್ಸುತ್ತಾ? ಫಸ್ಟ್ ಇಂಟರ್‌ವ್ಯೂ ಮುಗಿಸು."

ಅವಳಿಗೂ ಹಾಗೇ ಇರಲಿ ಎನ್ನಿಸಿತು. ತಾನು ತಪ್ಪಾಗಿರುವುದು ಹೊಸದೇನಲ್ಲ. ಈ ಒಂದು ಸಲವೂ ತಪ್ಪಾಗಿರಲಿ ಎಂದು ದೇವರ ಮುಂದೆ ನಿಂತು ಕೇಳಿಕೊಂಡಳು. ಅಮ್ಮ ಹಚ್ಚಿದ ದೀಪ ಉರಿಯುತ್ತಿತ್ತು.

ಮರುದಿನ ಸೋಮವಾರ ಕಾಲೇಜಿನಲ್ಲಿ ಲ್ಯಾಬು ಇರಲಿಲ್ಲ. ಮಧ್ಯಾಹ್ನವೇ ಮನೆಗೆ ಬಂದಳು. ಅಪ್ಪ ವಾಕಿಂಗ್ ಹೋಗಿದ್ದರು. ಅಡಿಗೆಮನೆಯಲ್ಲಿ ಜವರಮ್ಮ ಬೆನ್ನು ತಿರುಗಿಸಿ ನಿಂತಿದ್ದರು. ಮುದ್ದೆಯನ್ನು ಮಜ್ಜಿಗೆಯಲ್ಲಿ ಕದಡಿ ನೀರಾಗಿಸಿ, ತಲೆಯನ್ನು ಬಲಕ್ಕೆ ವಾಲಿಸಿ, ಚಮಚದಿಂದ ಬಿಟ್ಟುಕೊಳ್ಳುತ್ತಿದ್ದರು. ಒಂದೊಂದು ಗುಟುಕಿಗೂ ಇನ್ನೊಂದು ಕೈ ಸಿಂಕಿನ ಅಂಚನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಒಪ್ಪೊತ್ತಿನ ದಿನ, ಊಟದ ಹೊತ್ತಲ್ಲದ ಹೊತ್ತಿನಲ್ಲಿ. ಸಿಂಧುವಿಗೆ ಮೊದಲು ಹೊಳೆದದ್ದು ಅಮ್ಮ ವ್ರತ ಮುರಿಯುತ್ತಿದ್ದಾಳೆ ಎಂಬುದು. ಮರುಗಳಿಗೆಯೇ ಅರ್ಥವಾಯಿತು. ತಾನು ಉಣ್ಣುವುದನ್ನು ಯಾರೂ ನೋಡಬಾರದೆಂದೇ ಅಮ್ಮ ಇಷ್ಟೊಂದು ಒಪ್ಪೊತ್ತುಗಳನ್ನು ಕೂಡಿಸಿಕೊಂಡಿದ್ದಳು.

"ಅಮ್ಮ."

ಜವರಮ್ಮ ಬೆಚ್ಚಿ ಸೆರಗನ್ನು ಬಾಯಿಗೆ ಹಿಡಿದರು. ಆಮೇಲೆ ಅವರೇ ಸ್ಟೂಲಿನ ಮೇಲೆ ಕೂತರು.

"ಹರಕೆ ಸುಳ್ಳಲ್ಲ ಕಣವ್ವ" ಎಂದರು. "ಸೋಮವಾರದ್ದು ನಿಂಗೋಸ್ಕರ್ವೇ ಹಿಡ್ದಿದ್ದು. ಆಮೇಕೆ ನೋವು ಬಂತು. ಒಪ್ಪೊತ್ತು ಅಂದ್ರೆ ಯಾರೂ ಯಾಕೆ ಅನ್ನಾಕಿಲ್ಲ ನೋಡು. ಮಾದಪ್ಪನ್ನ ಅಡ್ಡ ಇಟ್ಕಂಡೆ. ಅದೊಂದು ತೆಪ್ಪಾಯ್ತು."

"ಯಾವಾಗಿಂದ ಅಮ್ಮ ನೋವು?"

"ನೀ ಮೊದಲ್ನೇ ಸಲ ಅರ್ಜಿ ಹಾಕಿದ್ಯಲ್ಲ, ಆಗಿಂದ."

"ಆಗಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀ ಓದ್ತಿದ್ಯಾ? ಪುಸ್ತಕ ಮಡಗ್‌ಬುಟ್ಟು ನನ್ನ ಮುಂದೆ ಕುಂತ್ಕತಿದ್ದೆ. ಸೀಟು ಸಿಗ್ತದೆ, ಆಮೇಕೆ ಹೇಳಾನ ಅನ್ಕಂಡಿದ್ದೆ. ಸಿಗ್ನಿಲ್ಲ. ಇನ್ನೊಂದು ವರ್ಷ ಅಂದೆ ನೀನು. ಸರಿ, ಇನ್ನೊಂದು ವರ್ಷ ತಡ್ಕಳಾನ ಅಂತ..." ಜವರಮ್ಮ ಮಾತು ನಿಲ್ಲಿಸಿ ಎಡಗೆನ್ನೆ ಒತ್ತಿ ಹಿಡಿದರು. "ಮದ್ದೂರಲ್ಲಿ ನಿಮ್ ದೊಡ್ಡವ್ವಂಗೂ ಇಂಗೇ ಆಗಿತ್ತು. ಅವಳು ಹೊಗೆಸೊಪ್ಪು ಹಾಕ್ತಿದ್ಲು. ನಂದು ಬರೀ ಅಡ್ಕೆ, ನಂಗಾಗಾಕಿಲ್ಲ ಅನ್ಕಂಡೆ."

"ತೋರ್ಸು ಅಮ್ಮ" ಎಂದಳು ಸಿಂಧು. ಫೋನಿನ ಟಾರ್ಚು ಹಚ್ಚಿದಳು. ಆ ಚಿಕ್ಕ ಸಂದಿನಲ್ಲಿ ಎಡಗೆನ್ನೆಯ ಹಿಂಭಾಗ ಕಂಡಿತು. ಬೂದಿ ಬಳಿದಂಥ ಬಿಳುಪು, ಅದರ ನಡುವೆ ಅಂಚು ದಪ್ಪಗಾದ ಕೆಂಪು ಹುಣ್ಣು. ಟಾರ್ಚು ಆರಿಸಿ, ಅದೇ ಫೋನಿನಿಂದ ಡಾ. ಟ್ರಾನ್ ಅವರಿಗೆ ಕರೆ ಮಾಡಿದಳು.

ಮರುದಿನ ಬೆಳಿಗ್ಗೆ ಡಾ. ಟ್ರಾನ್ ತಮ್ಮ ಕೆಲಸ ಬದಿಗಿಟ್ಟು ಜವರಮ್ಮನನ್ನು ನೋಡಿದರು. ಬೆರಳಿನಿಂದ ಹುಣ್ಣಿನ ಅಂಚು ಮುಟ್ಟಿದರು, ದವಡೆಯ ಕೆಳಗೆ ಕುತ್ತಿಗೆ ಒತ್ತಿ ನೋಡಿದರು. ಎಂದಿನಂತೆ ತಮಾಷೆ ಮಾಡಲಿಲ್ಲ. ಚೂರು ತೆಗೆದು ಪರೀಕ್ಷಿಸುವವರ ಬಳಿಗೆ ಅವತ್ತೇ ಕಳಿಸಿದರು. ಆ ಸಂಜೆ ಸುದ್ದಿ ತಿಳಿದ ಮಧುಕರ್ ಕಾರು ತೆಗೆದು ಸೀದಾ ಹೊರಟು ಬಂದ. ಜಯರಾಮ್ ಗ್ಯಾರೇಜಿಗೆ ಹೋಗಿ, ಕಾರಿನೊಳಗೆ ಸುಮ್ಮನೆ ಕೂತಿದ್ದರು.

ಫಲಿತಾಂಶ ಬರುವ ಮೊದಲೇ ಇಂಟರ್‌ವ್ಯೂ ಬಂತು. ಸಿಂಧು ಬೇಡವೆಂದಳು. "ನೀ ಹೋಗ್ದಿದ್ರೆ ನಾನು ಆಸ್ಪತ್ರೆ ಮೆಟ್ಲು ಹತ್ತಾಕಿಲ್ಲ" ಎಂದು ಜವರಮ್ಮ ಪಟ್ಟು ಹಿಡಿದರು. ಹೋದಳು. ಹಳೆಯ ಅಂಕಗಳ ಬಗ್ಗೆ ಕೇಳಿದಾಗ, ಸಿದ್ಧಮಾಡಿಕೊಂಡಿದ್ದ ಉತ್ತರ ಬಾಯಿಗೆ ಬರಲಿಲ್ಲ. "ಸೋತಿದ್ದೇನೆಂದು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದರಿಂದ ಇನ್ನೂ ಸೋತೆ" ಎಂದಷ್ಟೇ ಹೇಳಿ ಬಂದಳು. ಅವರು ಅದನ್ನು ಹೇಗೆ ತೆಗೆದುಕೊಂಡರೋ ತಿಳಿಯಲಿಲ್ಲ.

ಹುಣ್ಣು ಕ್ಯಾನ್ಸರೇ ಆಗಿತ್ತು. ದೊಡ್ಡಾಸ್ಪತ್ರೆಯ ಸರ್ಜನ್ ನಡುವಯಸ್ಸಿನ ಹೆಂಗಸು. ಅನುವಾದಕ್ಕೆ ಕನ್ನಡದವರನ್ನು ಫೋನಿನಲ್ಲಿ ಕರೆಸಲೇ ಎಂದು ಕೇಳಿದರು. "ಯಾಕೆ, ನನ್ನ ಮಗಳೇ ಇಲ್ಲಿ ಅವ್ಳಲ್ಲಾ" ಎಂದರು ಜವರಮ್ಮ. ಸರ್ಜನ್ ಒಂದೊಂದೇ ವಾಕ್ಯ ಹೇಳಿ ನಿಲ್ಲಿಸುತ್ತಿದ್ದರು, ಸಿಂಧು ಕನ್ನಡದಲ್ಲಿ ಹೇಳುತ್ತಿದ್ದಳು. ಕೆನ್ನೆಯ ಒಳಭಾಗ ತೆಗೆಯಬೇಕು. ದವಡೆ ಮೂಳೆಯಲ್ಲೂ ಸ್ವಲ್ಪ. ತೊಡೆಯಿಂದ ಮಾಂಸ ತಂದು ಅಲ್ಲಿ ಹೊಲಿಯುತ್ತಾರೆ. ಕುತ್ತಿಗೆಯ ಗಂಟುಗಳನ್ನೂ ತೆಗೆಯುತ್ತಾರೆ. ಆಮೇಲೆ ಸರ್ಜನ್ ಇನ್ನೊಂದು ವಾಕ್ಯ ಹೇಳಿದರು. ಒಂದು ವರ್ಷ ಮೊದಲೇ ಬಂದಿದ್ದರೆ ಇದು ಬಹಳ ಚಿಕ್ಕ ಆಪರೇಷನ್ ಆಗುತ್ತಿತ್ತು.

ಸಿಂಧು ಅಮ್ಮನ ಕಡೆ ತಿರುಗಿದಳು. "ಆದಷ್ಟು ಬೇಗ ಮಾಡೋಣ ಅಂತಿದ್ದಾರೆ ಅಮ್ಮ" ಎಂದಳು.

ಜವರಮ್ಮ ಮಗಳ ಮುಖವನ್ನೇ ನೋಡಿದರು. "ಒನ್ ಇಯರ್ ಅಂದ್ರು. ಅದ ನೀ ಹೇಳ್ನಿಲ್ಲ."

ಸಿಂಧು ತಲೆ ಎತ್ತಲಿಲ್ಲ.

"ಇಷ್ಟು ವರ್ಷ ಈ ಊರಲ್ಲಿದ್ದು ನಂಗೆ ಅಷ್ಟೂ ತಿಳ್ಯಾಕಿಲ್ವಾ? ಆ ವರ್ಷ ನಾ ಕೊಟ್ಟಿದ್ದು ಕಣವ್ವ. ನೀ ಕೇಳಿದ್ದಲ್ಲ. ಅದ ನೀ ಹೊತ್ಕಬ್ಯಾಡ." ಎಡಗೆನ್ನೆ ಹಿಡಿದುಕೊಂಡು, ಉಸಿರೆಳೆದುಕೊಂಡರು. "ಇನ್ಮೇಕೆ ಅವರೆಂಗೆ ಅಂತಾರೋ ಅಂಗೇ ಹೇಳು. ಒಂದೂ ಬುಡ್ಬ್ಯಾಡ. ಆಪರೇಷನ್ ಆದ್ಮೇಕೆ ನಾನು ಮಾತಾಡ್ತೀನಾ ಅಂತ ಕೇಳು."

ಸಿಂಧು ಕೇಳಿದಳು. ಸರ್ಜನ್ ಅವಸರ ಮಾಡದೆ ಉತ್ತರಿಸಿದರು. ಸಿಂಧು ಅದನ್ನು ಒಂದು ಮಾತೂ ಬಿಡದೆ ಕನ್ನಡಕ್ಕೆ ತಂದಳು.

"ಮಾತಾಡ್ತೀಯಂತೆ, ಆದ್ರೆ ಈಗಿನ ಹಾಗಲ್ಲ. ಕೆಲವು ಮಾತು ನಮಗೆ ಮಾತ್ರ ಅರ್ಥವಾಗಬಹುದಂತೆ. ನಾಲಿಗೆ ಬುಡಕ್ಕೂ ಹೋಗಿದ್ರೆ ಅದೂ ಕಷ್ಟ. ತೆಗೆದು ನೋಡೋವರೆಗೂ ಅವರಿಗೂ ಗೊತ್ತಿಲ್ಲ. ಬದುಕೋದು ಎಷ್ಟು ಅನ್ನೋದನ್ನೂ... ಅಂದಾಜು ಹೇಳ್ತಾರಂತೆ ಅಮ್ಮ. ನಿಂಗೆ ಬೇಕು ಅಂದ್ರೆ ಮಾತ್ರ."

ಜವರಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ತುಟಿ ಒಮ್ಮೆ ಅಲ್ಲಾಡಿತು. ಮಾದಪ್ಪನ ಹೆಸರು ಇದ್ದಿರಬೇಕು.

"ಎಷ್ಟು ಅಂತ ಕೇಳು" ಎಂದರು.

ಸಿಂಧು ಸರ್ಜನ್ ಕಡೆಗೆ ತಿರುಗಿದಳು.