ಗಲ್ಲಿಗೆ ಇಳಿದ ಕೊಪ್ಪರಿಗೆ

ಫತೇಗಂಜ್‌ನಲ್ಲಿ ನಮ್ಮ ಹೋಟೆಲು ಇರುವುದು ರಸ್ತೆಯ ಏರಿನಲ್ಲಿ. ಹಿಂದಿನ ಗಲ್ಲಿ ಮಾತ್ರ ವಿಶ್ವಾಮಿತ್ರಿ ನದಿಯ ಕಡೆಗೆ ಇಳಿಯುತ್ತದೆ. ಕುಂದಾಪುರದ ಕಡೆಯಿಂದ ಮದುವೆಯಾಗಿ ವಡೋದರಾಕ್ಕೆ ಬಂದ ನನಗೆ ಅದನ್ನು ನದಿಯೆಂದು ಒಪ್ಪಿಕೊಳ್ಳಲು ವರ್ಷಗಳೇ ಬೇಕಾದವು. ಬೇಸಿಗೆಯಲ್ಲಿ ಅದು ಮೊಸಳೆಗಳು ಬಿಸಿಲಿಗೆ ಮೈ ಕಾಯಿಸುವ ಒಂದು ಹಳ್ಳ, ಅಷ್ಟೇ.

ಒಂದು ಮೇ ತಿಂಗಳ ಮಧ್ಯಾಹ್ನ ವಾರ್ಡ್ ಕಚೇರಿಯ ಅಧಿಕಾರಿಯೊಬ್ಬರು ಬಂದರು. ನಡುವಯಸ್ಸಿನ ಗುಜರಾತಿ ಹೆಂಗಸು, ಕಾಲಲ್ಲಿ ಗಂಡಸರ ಚಪ್ಪಲಿ. "ಅಣ್ಣಾ, ನೆರೆ ನೀರು ಬಂದರೆ ಹಿಂದಿನ ಗಲ್ಲಿಯವರಿಗೆ ನೀವು ಅಡುಗೆ ಮಾಡಿ ಕೊಡಬೇಕು. ಸಿಲಿಂಡರ್, ಅಕ್ಕಿ, ಬೇಳೆ ಈಗಲೇ ಮಾಳಿಗೆಗೆ ಸಾಗಿಸಿಬಿಡಿ," ಎಂದರು.

ನನ್ನ ಗಂಡ ಗುಜರಾತಿಯಲ್ಲಿ ಅಕ್ಕಾ ಎಂದು ಕರೆದು ನಕ್ಕರು. "ಬೆನ್, ಮಳೆಗೇ ಇನ್ನೂ ತಿಂಗಳಿದೆ."

"ಅದಕ್ಕೇ ಈಗ ಬಂದೆ."

ಆಮೇಲೂ ಆಕೆ ಬಿಡಲಿಲ್ಲ. ಚಹಾ ಕುಡಿಯುವ ನೆಪದಲ್ಲಿ ಬಂದು, ಮಾಳಿಗೆ ಹತ್ತಿ ನೋಡಿ, ಏನೂ ಸಾಗಿಸಿಲ್ಲವೆಂದು ನನ್ನ ಹತ್ತಿರ ದೂರು ಹೇಳಿದರು. ಆಕೆ ಹೋದ ಮೇಲೆ ಗಂಡ ಗೊಣಗಿದರು: "ಎಂತ ಮಾರಾಯ್ತಿ ಇದು, ನನ್ನ ಅಮ್ಮನೂ ಇಷ್ಟು ತಪಾಸಣೆ ಮಾಡಿದ್ದಿಲ್ಲ." ಆದರೂ ಮರುದಿನ ಒಲೆ, ಸಿಲಿಂಡರ್, ಅಕ್ಕಿ ಮೂಟೆ ಎಲ್ಲ ಮೇಲೆ ಹೋದವು.

ನೀರು ಬಂದದ್ದು ಆಗಸ್ಟಿನಲ್ಲಿ. ನಾಲ್ಕಾರು ದಿನ ಬಿಡದೆ ಸುರಿದ ಮಳೆಗೆ ಊರಿನ ಮೇಲ್ಭಾಗದ ಕೆರೆ ತುಂಬಿ ನದಿಗೆ ಉಕ್ಕಿತು. ಬೆಳಿಗ್ಗೆಯೇ ಧ್ವನಿವರ್ಧಕ ಕಟ್ಟಿಕೊಂಡ ರಿಕ್ಷಾ ಎಲ್ಲರೂ ಮೇಲಿನ ಅಂತಸ್ತಿಗೆ ಹೋಗಿ ಎಂದು ಸಾರುತ್ತ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಗಲ್ಲಿಯಲ್ಲಿ ಎದೆಮಟ್ಟದ ಕಂದು ನೀರು. ನಮ್ಮ ಮಾಳಿಗೆಯಲ್ಲಿ ಖಿಚಡಿ ಬೇಯುತ್ತಿತ್ತು. ಪಕ್ಕದ ಕಾಲೇಜು ಹಾಸ್ಟೆಲಿನ ಹುಡುಗಿಯರು ಬಂದು ಕುಳಿತು ಪೊಟ್ಟಣ ಕಟ್ಟಿದರು. ಅಧಿಕಾರಿ ಹೇಳಿದ ಹೊತ್ತಿಗೆ ಅಗ್ನಿಶಾಮಕ ದಳದ ಬೋಟೂ ಬಂತು.

ಬಂದದ್ದು ಗಲ್ಲಿಯ ಬಾಯಿಯವರೆಗೆ. ಒಳಗೆ ನಿಲ್ಲಿಸಿದ್ದ ಕಾರು, ಸ್ಕೂಟರುಗಳೆಲ್ಲ ನೀರಿನ ಸೆಳೆತಕ್ಕೆ ಜರುಗಿ ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಬೋಟು ಮುಂದೆ ಹೋಗಲಿಲ್ಲ. ಬಾಲ್ಕನಿಗಳಲ್ಲಿ ನಿಂತ ಜನ ಕೈ ಬೀಸುತ್ತಿದ್ದರು. ಅಧಿಕಾರಿ ನಮ್ಮ ಮೆಟ್ಟಿಲ ಮೇಲೆ ಕುಸಿದು ಕುಳಿತರು.

"ಭಾಭಿ, ಬೋಟಿನ ಬಗ್ಗೆ ಯೋಚಿಸಿದೆ, ಊಟದ ಬಗ್ಗೆ ಯೋಚಿಸಿದೆ. ಈ ಸ್ಕೂಟರುಗಳ ಬಗ್ಗೆ ಯೋಚಿಸಲೇ ಇಲ್ಲ."

ಮೇ ತಿಂಗಳಿಂದ ಆಕೆಯನ್ನು ಗೇಲಿ ಮಾಡುತ್ತಿದ್ದ ನನ್ನ ಗಂಡ ಒಂದು ಲೋಟ ಕಾಫಿ ತಂದು ಆಕೆಯ ಕೈಗಿತ್ತು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮದುವೆ ಆರ್ಡರುಗಳಿಗೆ ಸಾರು ಮಾಡುವ ನಮ್ಮ ದೊಡ್ಡ ಅಲ್ಯುಮಿನಿಯಂ ಕೊಪ್ಪರಿಗೆಯನ್ನು ದಡದಡ ಉರುಳಿಸಿಕೊಂಡು ಬಂದರು.

"ಇದು ಹೋಗ್ತದೆ, ಬೆನ್."

ಕೊಪ್ಪರಿಗೆ ತೇಲಿತು. ಅದರೊಳಗೆ ಖಿಚಡಿ, ಹಾಲು, ನೀರಿನ ಬಾಟಲಿ. ಲೈಫ್ ಜಾಕೆಟ್ ತೊಟ್ಟ ಇಬ್ಬರು ಅಗ್ನಿಶಾಮಕರು ಅದರ ಕಿವಿಗಳಿಗೆ ಹಗ್ಗ ಕಟ್ಟಿ, ಕೋಲಿನಿಂದ ತಳ ತಡವುತ್ತ, ಸ್ಕೂಟರುಗಳ ನಡುವೆ ಎಳೆದುಕೊಂಡು ಹೊರಟರು. ಜನ ಬಾಲ್ಕನಿಯಿಂದ ಚೀಲ ಇಳಿಬಿಟ್ಟು ಪೊಟ್ಟಣ ಎತ್ತಿಕೊಂಡರು. ಯಾರೋ "ಮಗರ್! ಮಗರ್!" ಎಂದು ಕೂಗಿದಾಗ ನಾನು ಮೆಟ್ಟಿಲ ಅಂಚಿಗೆ ಓಡಿದೆ. ನೋಡಿದರೆ ಮೊಸಳೆಯಲ್ಲ, ಟ್ರಕ್ಕಿನ ಹಳೆ ಟಯರು. ಕೊನೆಯ ಮನೆಯ ಅಜ್ಜಿ ಮೇಲಿಂದಲೇ ಪೊಟ್ಟಣ ಬಿಚ್ಚಿ ರುಚಿ ನೋಡಿ ಕೂಗಿದರು: "ಅಣ್ಣಾನ ಖಿಚಡಿಯೇ ಇದು! ಬೆಲ್ಲ ಎಲ್ಲಿ?"

ಗಲ್ಲಿಗೆ ಗಲ್ಲಿಯೇ ನಕ್ಕಿತು. ಮೆಟ್ಟಿಲ ಮೇಲೆ ನಿಂತಿದ್ದ ಅಧಿಕಾರಿಯೂ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂಜೆಯ ಅಡುಗೆಗೆ ಗಂಡ ಗುಜರಾತಿಗಳ ರೂಢಿಯಂತೆ ಬೆಲ್ಲ ಹಾಕಿಸಿದರು. ನನಗದು ಬಾಯಿಗಿಡಲಾಗಲಿಲ್ಲ.

ನೀರು ಇಳಿದ ಮೇಲೆ ಮೊಣಕಾಲುದ್ದ ಕೆಸರು. ಅದನ್ನು ಬಳಿಯಲು ಸೂರತ್‌ನಿಂದ, ಅಹಮದಾಬಾದಿನಿಂದ ಪೌರಕಾರ್ಮಿಕರು ಬಂದರು. ಸೂರತ್‌ನವರು ತಮ್ಮೂರಿನ ತಾಪಿ ನದಿ ಉಕ್ಕಿದ ಕಾಲದ ಕಥೆ ಹೇಳುತ್ತ ನಮ್ಮಲ್ಲಿ ಇಡ್ಲಿ ತಿಂದರು. "ನಮಗೆ ಹೀಗಾದಾಗ ನಿಮ್ಮೂರವರು ಬಂದಿದ್ದರು, ಭಾಭಿ," ಎಂದ ಒಬ್ಬ, ಇನ್ನೊಂದು ಸೌಟು ಸಾಂಬಾರಿಗೆ ತಟ್ಟೆ ಚಾಚುತ್ತ.

ಅಂದು ಮಧ್ಯಾಹ್ನ ಅಧಿಕಾರಿ ಕೆಸರುಗಾಲಲ್ಲೇ ಬಂದು ಮೂಲೆಯ ಬೆಂಚಿನಲ್ಲಿ ಕುಳಿತರು. ದೋಸೆ ಒಯ್ದು ನೋಡಿದರೆ ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದರು. ಅಡುಗೆಮನೆಯಲ್ಲಿ ಗ್ರೈಂಡರ್ ಹಾಕುವ ಹೊತ್ತು. ಗಂಡ ಒಳಗೆ ಹೋಗಿ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ಹಿಟ್ಟು ರುಬ್ಬುವುದಿಲ್ಲವಾ?" ಎಂದೆ.

"ನಾಳೆ ಅವಲಕ್ಕಿ ಮಾಡುವ. ಮಲಗಲಿ ಅವರು."

ಮರುದಿನ ಬೆಳಿಗ್ಗೆ ದೋಸೆ ಕೇಳಿಕೊಂಡು ಬಂದವರಿಗೆಲ್ಲ ನಾನು ಅವಲಕ್ಕಿ ಬಡಿಸಿದೆ. ಯಾರೂ ಬೇಡವೆನ್ನಲಿಲ್ಲ.