ಕಾರಿನ ಡಿಕ್ಕಿಯಲ್ಲಿ ಬೆಂದ ವೈನ್

ಲೀಲಾ, ಆ ಸಂಜೆ ನಿನ್ನ ಎಣ್ಣೆಗಾಯಿಯಲ್ಲಿ ಯಾವ ದೋಷವೂ ಇರಲಿಲ್ಲ. ಕೆಟ್ಟಿದ್ದದ್ದು ನಾನು ತಂದ ವೈನ್. ಅದು ನನಗೆ ಗೊತ್ತಿತ್ತು — ನಿನ್ನ ಮನೆಯ ಗಂಟೆ ಒತ್ತುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ನಿನ್ನ ಕೈಯ ಮೇಲೆ ಹೊರಿಸಿದೆ.

ಏಳು ವರ್ಷವಾಯಿತು. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ. ಪತ್ರಿಕೆಯ ಕೆಲಸ ನನಗೆ ಕಲಿಸಿದ್ದು ಇಷ್ಟೇ — ಏನೂ ತಿಳಿಯದೆ ಓದಲು ಕೂತವರಿಗೂ ಯಾರು, ಎಲ್ಲಿ, ಏನು ಮಾಡಿದರು ಎಂಬುದು ತಿಳಿಯಬೇಕು. ಬೇರೆಯವರ ತಪ್ಪುಗಳನ್ನು ಹೀಗೆ ಎಷ್ಟೋ ಬರೆದಿದ್ದೇನೆ.

ನೀನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೆ. ಭಾನುವಾರಗಳಲ್ಲಿ ನಿಮ್ಮ ಅಪಾರ್ಟ್‌ಮೆಂಟಿನವರಿಗೆ ರೊಟ್ಟಿ ಊಟ ಮಾಡಿ ಹಾಕುತ್ತಿದ್ದೆ. ಅಲ್ಲಿ ಒಮ್ಮೆ ಉಂಡವರು ಶ್ರೀಧರ್. ಹತ್ತಿರದಲ್ಲೇ ಅವರದೊಂದು ರೆಸ್ಟೋರೆಂಟ್. ವಾರಾಂತ್ಯಗಳಲ್ಲಿ ಉತ್ತರ ಕರ್ನಾಟಕದ ಅಡುಗೆಯನ್ನು ಒಂದೊಂದೇ ಸುತ್ತಾಗಿ, ಪ್ರತಿ ಸುತ್ತಿಗೂ ಒಂದು ವೈನಿನೊಂದಿಗೆ ಬಡಿಸಬೇಕು, ಆ ಅಡುಗೆಮನೆ ನಿನ್ನದಾಗಬೇಕು ಎಂಬುದು ಅವರ ಯೋಚನೆ. ಮೊದಲು ನಿನ್ನ ಮನೆಯಲ್ಲೇ ಪೂರ್ತಿ ಊಟವನ್ನು ಒಂದು ಸಲ ನೋಡಬೇಕೆಂದರು. ನೀನು ರಾಜೀನಾಮೆ ಪತ್ರ ಟೈಪ್ ಮಾಡಿಟ್ಟುಕೊಂಡಿದ್ದೆ. ದಿನಾಂಕ ಹಾಕುವುದಷ್ಟೇ ಬಾಕಿ.

ಕೊರಳಲ್ಲಿ ಲಿಂಗ ಕಟ್ಟಿದವಳು ನೀನು. ವೈನ್ ಮುಟ್ಟುವ ಮಾತೇ ಇಲ್ಲ. ನಾನೋ, ಪತ್ರಿಕೆಯಲ್ಲಿ ವರದಿಗಾರಿಕೆಯ ಜೊತೆಗೆ ಊಟ–ಪಾನೀಯಗಳ ಅಂಕಣ ಬರೆಯುವವಳು. ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳತಿ. ಇನ್ನಾರನ್ನು ಕೇಳುತ್ತೀ?

"ಬಂದವ್ರಿಗೆ ಬಡಸ್ತೀನಿ, ನಾ ರುಚಿ ನೋಡಂಗಿಲ್ಲ" ಅಂದಿದ್ದೆ ನೀನು. "ವೈನಿಗೆ ನೀನ ನನ್ನ ನಾಲಿಗಿ, ನೋಡವಾ."

ಶ್ರೀಧರ್ ಬರುವ ದಿನಕ್ಕೆ ಎರಡು ವಾರ ಮೊದಲು ನಾವಿಬ್ಬರೇ ಪ್ರಯೋಗ ಮಾಡಿ ನೋಡಿದೆವು. ನಾಲ್ಕು ಸುತ್ತು: ಹೆಸರುಕಾಳಿನ ಪಚಡಿ, ಮಿರ್ಚಿ ಬಜ್ಜಿ, ಜೋಳದ ರೊಟ್ಟಿ–ಎಣ್ಣೆಗಾಯಿ, ಕೊನೆಗೆ ಹೋಳಿಗೆ. ಎಣ್ಣೆಗಾಯಿಗೆ ಕೆಂಪು ವೈನ್. ನಾನು ಹುಣಸೆ ಕಡಿಮೆ ಮಾಡು ಅಂದೆ, ನೀನು ಮಾಡಿದೆ. ಖಾರ ಒಂದು ಚೂರು ಇಳಿಸು ಅಂದೆ, ಇಳಿಸಿದೆ. ಮೂರನೆಯ ಸಲ ಮಾಡಿದ್ದನ್ನು ತಿಂದು, ಒಂದು ಗುಟುಕು ಕುಡಿದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: 'ಹುರಿದ ಶೇಂಗಾ, ಗುರೆಳ್ಳು — ಈ ವೈನಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇಡ.' ಆ ಪುಟ ಈಗಲೂ ನನ್ನಲ್ಲಿದೆ.

ಶ್ರೀಧರ್ ಊಟಕ್ಕೆ ಬರುವ ದಿನ, ಏಪ್ರಿಲ್ ತಿಂಗಳ ಒಂದು ಶನಿವಾರ. ಬೆಳಿಗ್ಗೆಯೇ ನಾಲ್ಕು ಬಾಟಲಿ ಕೊಂಡು ನೇರ ನಿನ್ನ ಫ್ರಿಜ್ಜಿಗೆ ತಂದಿಡುವುದು ನಮ್ಮ ಲೆಕ್ಕ. ದಾರಿಯಲ್ಲಿ ಆಫೀಸಿನಿಂದ ಫೋನ್ ಬಂತು — ಮಾದನಾಯಕನಹಳ್ಳಿಯ ಗೋದಾಮಿಗೆ ಬೆಂಕಿ ಬಿದ್ದಿದೆ, ಹೊರಡು. ಊರಿನ ಈ ತುದಿಯಿಂದ ಆ ತುದಿಗೆ ಹೋದೆ. ಕಾರನ್ನು ತುಮಕೂರು ರಸ್ತೆಯ ಪಕ್ಕ ಬಿಸಿಲಿನಲ್ಲಿ ನಿಲ್ಲಿಸಿದೆ. ನಾಲ್ಕು ಗಂಟೆ ಹೊತ್ತು ಬಾಟಲಿಗಳ ನೆನಪೇ ಆಗಲಿಲ್ಲ.

ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಡಿಕ್ಕಿ ತೆಗೆದಾಗ ಕಾಗದದ ಚೀಲ ಬೆಚ್ಚಗಿತ್ತು. ಕೆಂಪು ವೈನಿನ ಕಾರ್ಕು ಮೇಲೆದ್ದಿತ್ತು, ವೈನ್ ಜಿನುಗಿ ಕತ್ತಿನ ಸುತ್ತ ಅಂಟು ಇಳಿದಿತ್ತು. ವೈನ್ ಕಾವಿಗೆ ಬೆಂದು ಕೆಟ್ಟಿದೆಯೆಂದು ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಮುಖ್ಯರಸ್ತೆಯಲ್ಲಿ ಅಂಗಡಿಯಿತ್ತು. ಶ್ರೀಧರ್ ಬರಲು ಇನ್ನೂ ಒಂದು ಗಂಟೆಯಿತ್ತು. ಅದೇ ವೈನ್ ಸಿಗದಿದ್ದರೂ ಬೇರೊಂದು ಸಿಗುತ್ತಿತ್ತು, ನಿನಗೊಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಅದೇ ತಿಂಗಳ ಅಂಕಣದಲ್ಲಿ ನಾನು ಬರೆದಿದ್ದೆ — ವೈನನ್ನು ಎಂದೂ ಕಾರಿನಲ್ಲಿ ಬಿಟ್ಟು ಹೋಗಬೇಡಿ ಎಂದು. ಶ್ರೀಧರ್ ಅದನ್ನು ಓದಿ ಮೆಚ್ಚಿ ಫೋನ್ ಮಾಡಿದ್ದರು.

ಕರವಸ್ತ್ರ ತೆಗೆದು ಬಾಟಲಿಯ ಕತ್ತು ಒರೆಸಿದೆ.

"ನಾಕ್ ಬಾಟ್ಲಿ ಹಿಡ್ಕೊಂಡ್ ಬಂದೀ, ಸೆಕ್ಯೂರಿಟಿ ಅಣ್ಣ ಏನ್ ಅನ್ಕೊಂಡ್ನೋ!" ಎಂದು ನಕ್ಕು ನೀನು ಬಾಗಿಲು ತೆಗೆದೆ. ಮರುಕ್ಷಣವೇ, "ಅಯ್ಯ, ಮಾರಿ ಹೆಂಗ್ ಬಾಡೇತಿ ನೋಡು. ಬಿಸಲಾಗ ನಿಂತಿದ್ದೇನು? ಮೊದ್ಲ ಮಜ್ಜಿಗಿ ಕುಡಿ." ನೀನು ನನ್ನ ಮುಖ ನೋಡಿದೆ, ಬಾಟಲಿಗಳನ್ನು ನೋಡಲಿಲ್ಲ.

ನಾನು ಬಿಳಿ ವೈನನ್ನೂ ಗುಲಾಬಿ ಬಣ್ಣದ್ದನ್ನೂ ಐಸಿನಲ್ಲಿ ಹೂತಿಟ್ಟೆ. ತಂಪು ಕೆಟ್ಟ ರುಚಿಯನ್ನು ಬಹಳಷ್ಟು ಮುಚ್ಚುತ್ತದೆ. ಮೊದಲೆರಡು ಸುತ್ತು ದಾಟಿದವು. "ಬಜ್ಜಿ ಸಕ್ಕತ್ ಮೇಡಂ!" ಅಂದರು ಶ್ರೀಧರ್. ಮೂರನೆಯದಕ್ಕೆ ನೀನು ಒಲೆಯಿಂದ ರೊಟ್ಟಿ ಇಳಿಸುತ್ತಿದ್ದೆ, ನಾನು ಕೆಂಪು ವೈನ್ ಸುರಿದೆ. ಸುಟ್ಟ ಬೆಲ್ಲದಂಥ ವಾಸನೆ, ಅದರ ಹಿಂದೆ ಹುಳಿ. ಅವರು ಎಣ್ಣೆಗಾಯಿ ಬಾಯಿಗಿಟ್ಟರು, ಒಂದು ಗುಟುಕು ಕುಡಿದರು. ಹುಬ್ಬು ಗಂಟಾಯಿತು.

"ಏನೋ ಸೆಟ್ ಆಗ್ತಿಲ್ಲ ಅಲ್ವಾ, ವಸುಧಾ ಅವ್ರೇ? ನೀವೇ ಹೇಳಿ, ನಿಮ್ಗೆ ಗೊತ್ತಿರುತ್ತೆ."

ನಾನು ಹೇಳಿದೆ: "ಎಣ್ಣೆಗಾಯಿಗೆ ಹುಳಿ, ಖಾರ ಜಾಸ್ತಿ ಆಗಿದೆ. ಇಂಥ ಅಡುಗೆ ಮುಂದೆ ವೈನ್ ನಿಲ್ಲೋದು ಕಷ್ಟ."

ಎಷ್ಟು ಸಮಾಧಾನದ ದನಿ ನನ್ನದು — ಅದೇ ಈಗ ಹೆಚ್ಚು ಹೇಸಿಗೆ ಹುಟ್ಟಿಸುತ್ತದೆ.

ನೀನು ತಟ್ಟೆಯಲ್ಲಿ ಬಿಸಿ ರೊಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನಾನು ಅಳೆದು ಹೇಳಿದಷ್ಟೇ ಹುಣಸೆಯನ್ನು ನೀನು ಹಾಕಿದ್ದೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಒಂದು ಸಲ ನನ್ನ ಕಡೆ ನೋಡಿದೆ. ನಾನು ಲೋಟ ನೋಡುತ್ತಿದ್ದೆ. ಆಮೇಲೆ ನೀನೇ ಅಂದೆ: "ತಪ್ಪಾತ್ರೀ ಸರ. ಗಡಿಬಿಡಿಯಾಗ ಕೈ ಹೆಚ್ಚಾಗಿರಬೇಕು."

ನನ್ನ ನಾಲಿಗೆಯನ್ನು ನೀನು ನಿನ್ನ ಕೈಗಿಂತ ಹೆಚ್ಚು ನಂಬಿದೆ.

ಶ್ರೀಧರ್ ಸೌಜನ್ಯದವರು, ಹೋಳಿಗೆ ತಿಂದು ಹೊಗಳಿಯೇ ಹೋದರು. ವಾರದ ನಂತರ, ಯೋಚನೆ ಸದ್ಯಕ್ಕೆ ಬಿಟ್ಟೆವೆಂದು ಸಂದೇಶ ಕಳಿಸಿದರು. ನೀನು ರಾಜೀನಾಮೆ ಕೊಡಲಿಲ್ಲ. ಭಾನುವಾರದ ಊಟವೂ ನಿಧಾನವಾಗಿ ನಿಂತಿತು. ನಾನು ಕೇಳಿದಾಗ ನೀನು, "ಈಗ ಮೊದ್ಲಿನ ಹಂಗ ಆಗಂಗಿಲ್ಲ ಬಿಡು" ಅಂದೆ. ನಾನು ಬಿಟ್ಟೆ.

ಅಷ್ಟಕ್ಕೇ ಮುಗಿದಿದ್ದರೆ ಬಹುಶಃ ಇನ್ನೂ ಸುಮ್ಮನಿರುತ್ತಿದ್ದೆ — ಅಂಥವಳೇ ನಾನು. ಆದರೆ ಕಳೆದ ತಿಂಗಳು ನನ್ನನ್ನು ಊಟಕ್ಕೆ ಕರೆದಾಗ ನೀನು ಎಣ್ಣೆಗಾಯಿ ಮಾಡಿದ್ದೆ. ಒಂದು ಚಮಚದಲ್ಲಿ ಹಿಡಿದು ತಂದು, "ಹುಳಿ ಹೆಚ್ಚಾಗೇತೇನು, ನೋಡವಾ" ಅಂದೆ. ಅದರಲ್ಲಿ ಹುಳಿಯೇ ಇರಲಿಲ್ಲ. ಖಾರವೂ ಇರಲಿಲ್ಲ. ನಿನ್ನ ಅಡುಗೆ ಎಂದು ಗುರುತಿಸುವಂಥದ್ದು ಏನೂ ಇರಲಿಲ್ಲ. ಏಳು ವರ್ಷದಿಂದ ನೀನು ಪ್ರತಿ ಸಲವೂ ಹೀಗೇ ಕೇಳಿದ್ದೀ, ನಾನು ಪ್ರತಿ ಸಲವೂ "ಸರಿಯಾಗಿದೆ" ಅಂದಿದ್ದೇನೆ. ಆ ದಿನವೂ ಅಂದೆ.

ಪತ್ರಿಕೆಯಲ್ಲಿ ತಿದ್ದುಪಡಿ ಬರೆಯಲು ನಮ್ಮ ಸುದ್ದಿ ಸಂಪಾದಕರು ಒಂದು ನಿಯಮ ಹೇಳಿಕೊಟ್ಟಿದ್ದರು. ತಪ್ಪು ಯಾವುದು, ಸರಿ ಯಾವುದು, ಅಷ್ಟೇ ಬರೆಯಬೇಕು. ಯಾಕೆ ತಪ್ಪಾಯಿತೆಂದು ಬರೆಯಬಾರದು. ಮೇಲೆ ಬೆಂಕಿಯ ಸುದ್ದಿ, ಬಿಸಿಲು, ಅಂಕಣ ಎಂದೆಲ್ಲ ಬರೆದಿದ್ದೇನೆ. ಅವು ನಡೆದದ್ದು ನಿಜ. ಆದರೆ ನಿನಗೆ ಸಲ್ಲಬೇಕಾದದ್ದು ಅವಲ್ಲ.

ಭಾನುವಾರ ಬರುತ್ತೇನೆ. ಆ ನೋಟ್‌ಬುಕ್ಕನ್ನು ನಿನ್ನ ಕೈಗೆ ಕೊಟ್ಟು, ಕೆಳಗಿನ ತಿದ್ದುಪಡಿಯನ್ನು ನಿನ್ನೆದುರು ಓದುತ್ತೇನೆ. ಆಮೇಲೆ ಅದನ್ನೇ ಶ್ರೀಧರ್ ಅವರಿಗೂ ಕಳಿಸುತ್ತೇನೆ. ಓದಿ ಮುಗಿಸಿದ ಮೇಲೆ ನೀನು ನನ್ನನ್ನು ಕೂರಿಸುತ್ತೀಯೋ, ಕಳಿಸುತ್ತೀಯೋ ತಿಳಿಯದು. ಓದುವುದಂತೂ ಹೀಗೆ:

ಆ ಸಂಜೆ ಎಣ್ಣೆಗಾಯಿಗೆ ಹುಳಿ, ಖಾರ ಹೆಚ್ಚಾಗಿದೆಯೆಂದು ನಾನು ಹೇಳಿದ್ದು ಸುಳ್ಳು. ಹುಳಿ ಸರಿಯಾಗಿತ್ತು. ಖಾರ ಸರಿಯಾಗಿತ್ತು. ನಿನ್ನ ಕೈ ಸರಿಯಾಗಿತ್ತು, ಲೀಲಾ.